ದ್ವೀಪದ ಹನಿಮೂನ್: ಖರ್ಚು ಶುರುವಾಗೋದು ವಿಮಾನ ಇಳಿದ ಮೇಲೆ

ಮದುವೆ ಗೊತ್ತಾದ ಹುಡುಗರು ಯಾರಾದರೂ "ಅಣ್ಣಾ, ಮಾಲ್ಡೀವ್ಸ್‌ಗೆ ಎಷ್ಟಾಗುತ್ತೆ?" ಅಂತ ಕೇಳಿದರೆ ನಾನು ತಿರುಗಿ ಕೇಳೋದು ಒಂದೇ ಪ್ರಶ್ನೆ. ಏರ್‌ಪೋರ್ಟಿಂದ ಹೋಟೆಲ್‌ಗೆ ಹೇಗೆ ಹೋಗ್ತೀಯ? ಬಸ್ಸು ಆಟೋ ಇರುವ ದ್ವೀಪವಾದರೆ ಒಂದು ರೇಟು, ಸರ್ಕಾರಿ ದೋಣಿ ಇದ್ದರೆ ಇನ್ನೊಂದು, ಸ್ಪೀಡ್‌ಬೋಟ್ ಆದರೆ ಮತ್ತೊಂದು, ನೀರಿನ ಮೇಲೇ ಇಳಿಯುವ ಸೀಪ್ಲೇನ್ ಆದರೆ ನಮ್ಮಂಥವರು ಆ ಕಡೆ ತಲೆ ಹಾಕೋದೇ ಬೇಡ. ವಿಮಾನದ ಟಿಕೆಟ್ ಎಲ್ಲರಿಗೂ ಹೆಚ್ಚುಕಮ್ಮಿ ಒಂದೇ. ವ್ಯತ್ಯಾಸ ಬರೋದು ಆ ಕೊನೆಯ ನೀರಿನ ದಾರಿಯಲ್ಲಿ.

ನಮ್ಮ ಹತ್ತಿರ ಇದ್ದದ್ದು ಒಂದೂವರೆ ಲಕ್ಷ. ಇಬ್ಬರ ಉಳಿತಾಯ ಸೇರಿಸಿ. ಮದುವೆಯಲ್ಲಿ ಬಂದ ಮುಯ್ಯಿಯನ್ನು ಇದಕ್ಕೆ ಮುಟ್ಟಬಾರದು ಅಂತ ಮೊದಲೇ ತೀರ್ಮಾನ ಮಾಡಿಕೊಂಡಿದ್ದೆವು. ಮಂಡ್ಯ ಕಡೆ ಮುಯ್ಯಿ ಅಂದರೆ ಗಿಫ್ಟ್ ಅಲ್ಲ, ಲೆಕ್ಕ. ಅಪ್ಪ ಪುಸ್ತಕದಲ್ಲಿ ಯಾರು ಎಷ್ಟು ಹಾಕಿದರು ಅಂತ ಬರೆದಿಟ್ಟಿದ್ದಾರೆ, ಅವರ ಮನೆ ಮದುವೆಗೆ ನಾವು ತಿರುಗಿ ಹಾಕಬೇಕು. ಅದನ್ನು ಸಮುದ್ರಕ್ಕೆ ಸುರಿದು ಬಂದರೆ ಮುಂದಿನ ವರ್ಷ ಬೀಗರೂಟಗಳಿಗೆ ಹೋಗೋಕೆ ಮುಖ ಇರಲ್ಲ. ಇಎಂಐ ಮೇಲೆ ಹನಿಮೂನ್ ಕೊಡುವ ಕಂಪನಿಗಳೂ ಇವೆ. ನನ್ನ ಹೆಂಡತಿ ಆ ಜಾಹೀರಾತು ನೋಡಿ ನಕ್ಕು ಪಕ್ಕಕ್ಕೆ ಸರಿಸಿದಳು, ಅಲ್ಲಿಗೆ ಆ ಮಾತು ಮುಗಿಯಿತು.

ದುಡ್ಡಾದ ಮೇಲೆ ತಾರೀಕು. ನಮ್ಮದು ಮೇ ತಿಂಗಳ ಮದುವೆ. ಆಷಾಢ ಬಂದರೆ ಹೊಸ ಹೆಣ್ಣು ತವರಿಗೆ ಹೋಗಬೇಕು, ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು, ಅಳಿಯ ಮಾವನ ಮನೆ ಕಡೆ ಸುಳಿಯಬಾರದು. ಹಾಗಾಗಿ ಮನೆಯವರದ್ದೆಲ್ಲ ಒಂದೇ ಒತ್ತಾಯ, ಆಷಾಢದೊಳಗೆ ಹೋಗಿಬನ್ನಿ ಅಂತ. ನನ್ನ ಸೋದರಮಾವನಂತೂ "ನೀರು ನೋಡೋಕೆ ಅಷ್ಟು ದೂರ ಯಾಕ್ ಹೋಗ್ತೀಯಲಾ, ಕೆಆರ್‌ಎಸ್ ಇಲ್ವಾ?" ಅಂದರು. ಆದರೆ ಮೇ ಕೊನೆ, ಜೂನ್ ಅಂದರೆ ನಮಗೆ ಹತ್ತಿರದ ದ್ವೀಪಗಳಲ್ಲೆಲ್ಲ ಮಳೆಗಾಲ. ಅಂಡಮಾನ್‌ನಲ್ಲಿ ಮೇ ತಿಂಗಳಿಂದಲೇ ಮಳೆ ಹಿಡಿಯುತ್ತೆ, ಸಮುದ್ರ ಕೆರಳಿದರೆ ಫೆರ್ರಿ ಕ್ಯಾನ್ಸಲ್. ಮಾಲ್ಡೀವ್ಸ್‌ನಲ್ಲೂ ಮೇನಿಂದ ಅಕ್ಟೋಬರ್‌ವರೆಗೆ ನೈಋತ್ಯ ಮುಂಗಾರು. ಆಗ ರೆಸಾರ್ಟ್‌ಗಳು ರೇಟ್ ಇಳಿಸುತ್ತವೆ, ನಿಜ. ಆದರೆ ವರ್ಷಗಟ್ಟಲೆ ಕೂಡಿಟ್ಟ ದುಡ್ಡಲ್ಲಿ ಹೋಗಿ ರೂಮಿನ ಕಿಟಕಿಯಿಂದ ಮಳೆ ನೋಡುವುದಾದರೆ ಅದಕ್ಕೆ ಮಡಿಕೇರಿ ಸಾಕಲ್ವಾ?

ಆ ಹೊತ್ತಲ್ಲೇ ಹೋಗಬೇಕು ಅನ್ನುವವರಿಗೆ ಬಾಲಿ ಸರಿ. ಅದು ಭೂಮಧ್ಯರೇಖೆಯ ಆಚೆ ಇದೆ, ಸುಮಾರು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಅಲ್ಲಿ ಒಣ ಹವೆ. ನನ್ನ ಚಿಕ್ಕಪ್ಪನ ಮಗ ಹೀಗೇ ಮದುವೆ ಮುಗಿಸಿ ಜೂನ್‌ನಲ್ಲಿ ಹೋಗಿ ಬಂದ. ಏರ್‌ಪೋರ್ಟ್ ದ್ವೀಪದ ಮೇಲೇ ಇರೋದರಿಂದ ದೋಣಿ ಖರ್ಚು ಇಲ್ಲ, ಪಕ್ಕದ ನುಸಾ ಪೆನಿಡಾ ದ್ವೀಪಕ್ಕೆ ಹೋದರೆ ಮಾತ್ರ ಬಾಲಿಯ ಸಾನೂರ್‌ನಿಂದ ಬೋಟ್ ಹಿಡಿಯಬೇಕು. ವೀಸಾ ಆನ್ ಅರೈವಲ್‌ಗೆ ತಲೆಗೆ 5 ಲಕ್ಷ ರುಪಿಯಾ, ಅದರ ಮೇಲೆ 2024ರ ಫೆಬ್ರವರಿಯಿಂದ ಬಾಲಿಯವರೇ ಬೇರೆ ಒಂದೂವರೆ ಲಕ್ಷ ರುಪಿಯಾ ತಗೊಳ್ತಾರೆ. ಲಕ್ಷ ಅಂತ ಹೆದರಬೇಡಿ, ಅವರ ಲಕ್ಷ ನಮ್ಮ ಕೆಲವು ನೂರು ರೂಪಾಯಿ. ನಮ್ಮ ಬಜೆಟ್‌ಗೆ ಈಜುಕೊಳ ಇರುವ ಸ್ವಂತ ವಿಲ್ಲಾ ಸಿಗುವ ಜಾಗ ಅಂದರೆ ಇದೇ. ಯುಗಾದಿ ಸುತ್ತಮುತ್ತ ಹೋಗುವವರು ಒಂದು ನೋಡಿಕೊಳ್ಳಿ. ಬಾಲಿಯಲ್ಲೂ ಶಕ ವರ್ಷದ ಲೆಕ್ಕದಲ್ಲೇ ಹೊಸ ವರ್ಷ, ಹೆಸರು ನ್ಯೇಪಿ. ಆ ದಿನ 24 ಗಂಟೆ ಏರ್‌ಪೋರ್ಟ್ ಬಂದ್, ಪ್ರವಾಸಿಗರೂ ಹೋಟೆಲಿನಿಂದ ಹೊರಗೆ ಬರುವ ಹಾಗಿಲ್ಲ. 2026ರಲ್ಲಿ ಅದು ನಮ್ಮ ಯುಗಾದಿ ದಿನವೇ, ಮಾರ್ಚ್ 19.

ನಾವು ಬಾಲಿಗೆ ಹೋಗಲಿಲ್ಲ. ಮೊದಲನೆಯದು, ನನ್ನ ಹೆಂಡತಿಯ ಹತ್ತಿರ ಆಗ ಪಾಸ್‌ಪೋರ್ಟ್ ಇರಲಿಲ್ಲ. ಎರಡನೆಯದು, ಅವಳಿಗೆ ಬೇಕಿದ್ದದ್ದು ಊರಲ್ಲ, ನೀರು. ದೇವಸ್ಥಾನ, ಗದ್ದೆ, ಟ್ರಾಫಿಕ್ಕು ಎಲ್ಲಾ ನಮ್ಮಲ್ಲೂ ಇದೆ ಅಂದಳು. ಹಾಗಾಗಿ ಯಾರ ಮಾತಿಗೂ ಕಿವಿಗೊಡದೆ ಸಂಕ್ರಾಂತಿ ಕಳೆದ ಮೇಲೆ ಹೋಗೋದು ಅಂತ ಮುಂದಕ್ಕೆ ಹಾಕಿದೆವು. ಅತ್ತೆಗೆ ಬೇಜಾರಾಯಿತು, ನಮಗೆ ದುಡ್ಡು ಕೂಡಿಸೋಕೆ ಟೈಮ್ ಸಿಕ್ಕಿತು.

ಪಾಸ್‌ಪೋರ್ಟ್ ವಿಷಯಕ್ಕೆ ನಮ್ಮೂರಲ್ಲಿ ಕಷ್ಟ ಇಲ್ಲ. ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆಯುವ ಯೋಜನೆ 2017ರ ಜನವರಿಯಲ್ಲಿ ಮೊದಲು ಶುರುವಾಗಿದ್ದೇ ಮೈಸೂರು ಮತ್ತು ಗುಜರಾತಿನ ದಾಹೋದ್‌ನಲ್ಲಿ. ಮಾಮೂಲಿ ಫೀ 1,500 ರೂಪಾಯಿ. ತಲೆನೋವು ಇರೋದು ಇನಿಷಿಯಲ್‌ನದ್ದು. ನಾವೆಲ್ಲ ಹೆಸರಿನ ಹಿಂದೆ ಮುಂದೆ ಎರಡು ಅಕ್ಷರ ಅಂಟಿಸಿಕೊಂಡು ಬೆಳೆದವರು, ಪಾಸ್‌ಪೋರ್ಟಲ್ಲಿ ಅದನ್ನು ಬಿಡಿಸಿ ಪೂರ್ತಿ ಬರೆಯಬೇಕು, ಅಲ್ಲಿ ಊರ ಹೆಸರೋ ಅಪ್ಪನ ಹೆಸರೋ ಸರ್‌ನೇಮ್ ಆಗಿ ಕೂರುತ್ತೆ. ಹೊರದೇಶದ ಟಿಕೆಟ್ ಮಾಡುವಾಗ ಆಧಾರ್ ಮರೆತುಬಿಡಿ, ಪಾಸ್‌ಪೋರ್ಟಲ್ಲಿ ಹೇಗಿದೆಯೋ ಹಾಗೇ ಹಾಕಿ. ಗಂಡನ ಹೆಸರು ಸೇರಿಸಿಯೇ ಹೋಗಬೇಕು ಅನ್ನೋದೆಲ್ಲ ಸುಮ್ನೆ ಹೇಳೋದು, ಮದುವೆಗೆ ಮುಂಚಿನ ಪಾಸ್‌ಪೋರ್ಟಲ್ಲೇ ಧಾರಾಳವಾಗಿ ಹೋಗಬಹುದು.

ಪಾಸ್‌ಪೋರ್ಟ್ ಬೇಡ ಅಂದರೆ ಅಂಡಮಾನ್. ಇದನ್ನು ನಾವು ಕೊನೆಯವರೆಗೂ ತಕ್ಕಡಿಯಲ್ಲಿ ಇಟ್ಟುಕೊಂಡಿದ್ದೆವು. ಬೆಂಗಳೂರಿಂದ ನೇರ ವಿಮಾನ, ಎರಡೂವರೆ ಗಂಟೆ ಚಿಲ್ಲರೆ. ವಿಮಾನ ಇಳಿಯುವ ಪೋರ್ಟ್ ಬ್ಲೇರ್ ಹೆಸರು 2024ರಲ್ಲಿ ಶ್ರೀ ವಿಜಯಪುರಂ ಆಗಿದೆ, ಹ್ಯಾವ್‌ಲಾಕ್ ದ್ವೀಪ 2018ರಲ್ಲೇ ಸ್ವರಾಜ್ ದ್ವೀಪ್ ಆಯಿತು. ಹಳೇ ಹೆಸರು ಹೇಳಿದರೂ ಎಲ್ಲರಿಗೂ ಗೊತ್ತಾಗುತ್ತೆ. ಪೋರ್ಟ್ ಬ್ಲೇರ್‌ನಿಂದ ಹ್ಯಾವ್‌ಲಾಕ್‌ಗೆ ಸರ್ಕಾರಿ ಹಡಗೂ ಇದೆ, ಖಾಸಗಿ ಫೆರ್ರಿಯೂ ಇದೆ. ಖರ್ಚು ನಮ್ಮ ಕೈಯಲ್ಲೇ ಇರುತ್ತೆ. ಇಬ್ಬರಿಗೆ 80 ಸಾವಿರದ ಒಳಗೆ ಮುಗಿಸಬೇಕು ಅಂತಿದ್ದರೆ ನಾನು ಬೇರೆ ಯಾವ ದ್ವೀಪವನ್ನೂ ಹೇಳೋದಿಲ್ಲ. ಆದರೆ ವಾಪಸ್ ವಿಮಾನದ ಹಿಂದಿನ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಇರಬೇಕು, ಹ್ಯಾವ್‌ಲಾಕ್‌ನಿಂದ ಅದೇ ದಿನ ಬಂದು ಹತ್ತುತ್ತೀನಿ ಅಂದರೆ ಫೆರ್ರಿ ಕೈಕೊಟ್ಟಾಗ ಯಾರೂ ಕೇಳೋರಿಲ್ಲ. ಇನ್ನೊಂದು, ಅಲ್ಲಿ ಗಡಿಯಾರ ನಮ್ಮದೇ, ಸೂರ್ಯ ಮಾತ್ರ ಪೂರ್ವದವನು. ಚಳಿಗಾಲದಲ್ಲಿ ಐದು, ಐದೂವರೆಗೆಲ್ಲ ಕತ್ತಲೆ. ಎಂಟು ಗಂಟೆಗೆ ಎದ್ದು ತಿಂಡಿ ತಿಂದು ನಿಧಾನಕ್ಕೆ ಹೊರಡುವ ನವದಂಪತಿಗಳಿಗೆ ಅರ್ಧ ದಿನ ಖೋತಾ.

ಲಕ್ಷದ್ವೀಪವನ್ನು ಬೇಗ ಕೈಬಿಟ್ಟೆವು. ಹತ್ತಿರವೇ, ನೀರು ಮಾಲ್ಡೀವ್ಸ್‌ಗೆ ಏನೂ ಕಮ್ಮಿ ಇಲ್ಲ. ಆದರೆ ಮೊದಲೇ ಪರ್ಮಿಟ್ ಮಾಡಿಸಬೇಕು, ಉಳಿಯುವ ಜಾಗ ಕಮ್ಮಿ, ಕೊಚ್ಚಿಯ ಹಡಗಿನ ಟಿಕೆಟ್ ಸಿಗೋದು ಅದೃಷ್ಟ.

ಈಗ ಮಾಲ್ಡೀವ್ಸ್. ಮೈಸೂರಿನ ಏಜೆಂಟ್ ಒಬ್ಬರು ನಮಗೆ ಕೊಟ್ಟ ಕೊಟೇಶನ್ ನೋಡಿದರೆ ಆಹಾ ಅನಿಸುತ್ತಿತ್ತು. ನೀರಿನ ಮೇಲಿನ ವಿಲ್ಲಾ, ತಿಂಡಿ ಸೇರಿ, ಒಂದು ಲಕ್ಷದ ಚಿಲ್ಲರೆ. ಕೆಳಗೆ ಸಣ್ಣ ಅಕ್ಷರದಲ್ಲಿ ಟ್ರಾನ್ಸ್‌ಫರ್ ಬೇರೆ, ಟ್ಯಾಕ್ಸ್ ಬೇರೆ ಅಂತ. ಟ್ರಾನ್ಸ್‌ಫರ್ ಎಷ್ಟು ಅಂತ ಕೇಳಿದರೆ "ಅದು ಅಲ್ಲೇ ಕೊಟ್ಟರಾಯ್ತು ಸಾರ್" ಅಂದರು. ಮನೆಗೆ ಬಂದು ನೋಡಿದೆ, ಆ ರೆಸಾರ್ಟ್‌ಗೆ ಹೋಗೋಕೆ ಸೀಪ್ಲೇನೇ ಗತಿ. ಹೋಗಿ ಬರೋಕೆ ತಲೆಗೆ 400 ಡಾಲರ್‌ಗೂ ಜಾಸ್ತಿ. ಅಂದರೆ ಬೆಂಗಳೂರಿಂದ ಮಾಲ್ಡೀವ್ಸ್ ರಾಜಧಾನಿ ಮಾಲೆಗೆ ಹೋಗುವ ವಿಮಾನಕ್ಕಿಂತ ಮಾಲೆಯಿಂದ ಆಚೆಗಿನ ದಾರಿಯೇ ದುಬಾರಿ. ಅದೂ ಅಲ್ಲದೆ ಸೀಪ್ಲೇನ್ ಹಾರೋದು ಬೆಳಕಿರುವಾಗ ಮಾತ್ರ. ನಮ್ಮ ವಿಮಾನ ಸಂಜೆ ಇಳಿದರೆ ಆ ರಾತ್ರಿ ಮಾಲೆಯಲ್ಲೋ ಪಕ್ಕದ ಹುಲ್‌ಹುಮಾಲೆಯಲ್ಲೋ ಬೇರೆ ರೂಮಿನ ಖರ್ಚು.

ರೆಸಾರ್ಟ್ ರೇಟ್ ಪಕ್ಕ ಎರಡು ಪ್ಲಸ್ ಗುರುತು ಇರುತ್ತೆ, ಅದನ್ನು ನೋಡಿದ ತಕ್ಷಣ ಕ್ಯಾಲ್ಕ್ಯುಲೇಟರ್ ತೆಗೆಯಬೇಕು. ರೂಮಿಗೆ ರಾತ್ರಿಗೆ 300 ಡಾಲರ್ ಅಂತ ಇಟ್ಟುಕೊಳ್ಳಿ. ಅದಕ್ಕೆ 10 ಪರ್ಸೆಂಟ್ ಸರ್ವಿಸ್ ಚಾರ್ಜ್, 330 ಆಯಿತು. ಅದರ ಮೇಲೆ ಪ್ರವಾಸೋದ್ಯಮ ಜಿಎಸ್‌ಟಿ, 2025ರ ಜುಲೈನಿಂದ 17 ಪರ್ಸೆಂಟ್, ಅಲ್ಲಿಗೆ 386. ಇನ್ನು ಗ್ರೀನ್ ಟ್ಯಾಕ್ಸ್ ಅಂತ 2025ರ ಜನವರಿಯಿಂದ ರೆಸಾರ್ಟ್‌ನಲ್ಲಿ ತಲೆಗೆ ದಿನಕ್ಕೆ 12 ಡಾಲರ್, ಇಬ್ಬರಿಗೆ 24. ಒಟ್ಟು 410. ಬೋರ್ಡಲ್ಲಿ 300, ಬಿಲ್ಲಲ್ಲಿ 410. ಊಟ ಇನ್ನೂ ಶುರುವಾಗಿಲ್ಲ. ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್ ಅಲ್ಲಿನ ಪದ್ಧತಿ, ಹೊರಗೆ ಹೋಗಿ ತಿಂದು ಬರ್ತೀನಿ ಅಂದರೆ ಹೊರಗೆ ಅನ್ನೋದೇ ಇಲ್ಲ, ಸುತ್ತ ನೀರು. ತರಕಾರಿಯಿಂದ ಸೋಪಿನವರೆಗೆ ಎಲ್ಲಾ ದೋಣಿಯಲ್ಲೇ ಬರಬೇಕು, ಆ ಬಾಡಿಗೆಯೂ ನಮ್ಮ ತಟ್ಟೆಗೇ ಬೀಳುತ್ತೆ.

ಆದರೆ ಮಾಲ್ಡೀವ್ಸ್ ಅಂದರೆ ಬರೀ ರೆಸಾರ್ಟ್ ಅಲ್ಲ. 2010ರ ಆಸುಪಾಸಿನಿಂದ ಜನ ವಾಸ ಮಾಡುವ ದ್ವೀಪಗಳಲ್ಲೂ ಗೆಸ್ಟ್‌ಹೌಸ್ ಬಂದಿವೆ. ನಾವು ಆರಿಸಿದ್ದು ಮಾಫುಶಿ. ಮಾಲೆಯಿಂದ ಸರ್ಕಾರಿ ದೋಣಿಯಲ್ಲಿ ಸುಮಾರು ಒಂದೂವರೆ ಗಂಟೆ, ಕೆಲವೇ ಡಾಲರ್ ಟಿಕೆಟ್, ಆದರೆ ಶುಕ್ರವಾರ ಅವರಿಗೆ ರಜಾ ದಿನ, ದೋಣಿ ನಂಬಿಕೊಳ್ಳಬೇಡಿ. ಖಾಸಗಿ ಸ್ಪೀಡ್‌ಬೋಟ್ ಆದರೆ ಮುಕ್ಕಾಲು ಗಂಟೆಯೊಳಗೆ, ತಲೆಗೆ ಇಪ್ಪತ್ತು ಇಪ್ಪತ್ತೈದು ಡಾಲರ್. ಸಣ್ಣ ಗೆಸ್ಟ್‌ಹೌಸಲ್ಲಿ ಗ್ರೀನ್ ಟ್ಯಾಕ್ಸೂ ಅರ್ಧ, 6 ಡಾಲರ್. ಹೆಚ್ಚು ರಾತ್ರಿ ಅಲ್ಲೇ ಇದ್ದು, ಕೊನೆಗೆ ಮಾಲೆಗೆ ಹತ್ತಿರದ, ಸ್ಪೀಡ್‌ಬೋಟಲ್ಲಿ ಹೋಗಬಹುದಾದ ಒಂದು ರೆಸಾರ್ಟಿಗೆ ಸರಿದೆವು. ನೀರಿನ ಮೇಲಿನ ವಿಲ್ಲಾ ಆಸೆ ಅಲ್ಲಿ ತೀರಿತು. ಕ್ರಮ ತಿರುಗಿಸಬೇಡಿ. ರೆಸಾರ್ಟ್ ಮೊದಲು ನೋಡಿದವರಿಗೆ ಆಮೇಲೆ ಗೆಸ್ಟ್‌ಹೌಸ್ ರುಚಿಸೋದಿಲ್ಲ.

ಊರ ದ್ವೀಪದಲ್ಲಿ ಕೆಲವು ಕಟ್ಟುಪಾಡು ಇವೆ. ಮದ್ಯ ಇಲ್ಲ, ಊರಿನಿಂದ ಬಾಟ್ಲಿ ತಗೊಂಡು ಹೋದರೂ ಮಾಲೆ ಏರ್‌ಪೋರ್ಟಲ್ಲೇ ತಡೆದು ಇಟ್ಟುಕೊಳ್ತಾರೆ. ಈಜುಡುಗೆಯಲ್ಲಿ ಇರೋಕೆ ಬೇರೆ ಬೀಚ್ ಗುರುತಿಸಿದ್ದಾರೆ, ಬೀದಿಯಲ್ಲಿ ಮೈತುಂಬ ಬಟ್ಟೆ. ನಮ್ಮವಳು ಚೂಡಿದಾರ್‌ನಲ್ಲೇ ಓಡಾಡಿದಳು, ಆರಾಮಾಗಿತ್ತು. ಕುಡಿಯೋದೇ ಹನಿಮೂನ್ ಅನ್ನುವವರಿಗೆ ಈ ದಾರಿ ಅಲ್ಲ.

ಬೆಳಗ್ಗೆ ತಿಂಡಿಗೆ ಮಾಸ್ ಹುನಿ ಕೊಡ್ತಾರೆ. ಟ್ಯೂನಾ ಮೀನನ್ನು ಪುಡಿ ಮಾಡಿ, ತೆಂಗಿನತುರಿ, ಈರುಳ್ಳಿ, ಮೆಣಸಿನಕಾಯಿ ಹಾಕಿ, ನಿಂಬೆಹಣ್ಣು ಹಿಂಡಿ ಕೈಯಲ್ಲೇ ಕಲಸಿದ್ದು. ಜೊತೆಗೆ ರೋಶಿ, ಹೆಚ್ಚುಕಮ್ಮಿ ನಮ್ಮ ಚಪಾತಿಯೇ. ನಾನು ಮೂರು ಹೊತ್ತೂ ಅದನ್ನೇ ತಿಂದೇನು. ಅವಳು ಮೀನು ಮುಟ್ಟಲ್ಲ. ರೋಶಿಗೆ ಅಮ್ಮ ಕಟ್ಟಿಕೊಟ್ಟ ಹುಚ್ಚೆಳ್ಳು ಚಟ್ನಿಪುಡಿ, ಮೇಲೊಂದು ಮೊಟ್ಟೆ. ಗೆಸ್ಟ್‌ಹೌಸ್ ಹುಡುಗ ಆ ಪುಡಿ ರುಚಿ ನೋಡಿ ಪೊಟ್ಟಣದ ಕಡೆಯೇ ನೋಡ್ತಾ ನಿಂತಿದ್ದ, ಅರ್ಧ ಅವನಿಗೇ ಕೊಟ್ಟು ಬಂದೆವು.

ಸ್ನಾರ್ಕೆಲಿಂಗ್ ಟ್ರಿಪ್‌ಗೆ ಮಾಫುಶಿಯಿಂದಲೇ ಹೊರಟೆವು. ಅದೇ ಹವಳ, ಅದೇ ಆಮೆ, ರೆಸಾರ್ಟ್‌ನಲ್ಲಿ ಕೇಳಿದ್ದಕ್ಕಿಂತ ಎಷ್ಟೋ ಕಮ್ಮಿ ರೇಟು. ಈಜು ಬರದಿದ್ದರೂ ಲೈಫ್ ಜಾಕೆಟ್ ಕಟ್ಟಿ ಕೈ ಹಿಡಿದು ಕರೆದುಕೊಂಡು ಹೋಗ್ತಾರೆ. ಮೊದಲ ಸಲ ಮುಖ ನೀರೊಳಗೆ ಇಟ್ಟಾಗ ಅವಳು ಬಾಯಿಯ ಕೊಳವೆಯಲ್ಲೇ "ರೀ" ಅಂತ ಕೂಗಿದ್ದು ನನಗೆ ಬರೀ ಗುಳುಗುಳು ಅಂತ ಕೇಳಿಸಿತು. ಕೆಳಗೆ ಊಟದೆಲೆ ಅಗಲದ ಆಮೆ ಒಂದು ತನ್ನ ಪಾಡಿಗೆ ತಾನು ಹವಳದ ಸಂದಿಯಲ್ಲಿ ಮೇಯ್ತಾ ಇತ್ತು.

ಇನ್ನು ಚಿಲ್ಲರೆ ವಿಷಯ. ಕೆಲವು ರೆಸಾರ್ಟ್‌ಗಳು ಹನಿಮೂನ್‌ಗೆ ಬಂದವರಿಗೆ ಕೇಕ್, ಹೂವಿನ ಹಾಸಿಗೆ, ಒಂದು ಊಟ ಪುಕ್ಕಟೆ ಕೊಡ್ತವೆ, ಆದರೆ ಇತ್ತೀಚಿನ ಮದುವೆ ಅನ್ನೋದಕ್ಕೆ ಸರ್ಟಿಫಿಕೇಟ್ ಕೇಳ್ತಾರೆ. ಎಷ್ಟು ತಿಂಗಳೊಳಗೆ ಅಂತ ಬುಕಿಂಗ್ ಮುಂಚೆ ಕೇಳಿ. ಲಗ್ನಪತ್ರಿಕೆ ನಡೆಯಲ್ಲ, ಸಬ್ ರಿಜಿಸ್ಟ್ರಾರ್ ಕೊಟ್ಟದ್ದೇ ಬೇಕು, ಹೇಗೂ ಒಂದು ದಿನ ಮಾಡಿಸಲೇಬೇಕಾದ ಕೆಲಸ. ಮಾಲ್ಡೀವ್ಸ್‌ಗೆ ವೀಸಾ ಇಳಿದ ಮೇಲೆ ಪುಕ್ಕಟೆ. ಆದರೆ ಇಮುಗಾ ಅನ್ನುವ ಫಾರಂ ಪ್ರಯಾಣಕ್ಕೆ 96 ಗಂಟೆ ಒಳಗೆ ಆನ್‌ಲೈನಲ್ಲಿ ತುಂಬಬೇಕು, ಅದಕ್ಕೂ ಫೀ ಇಲ್ಲ, ದುಡ್ಡು ಕೇಳುವ ವೆಬ್‌ಸೈಟ್ ಕಂಡರೆ ಅದು ಸರ್ಕಾರದ್ದಲ್ಲ. ಡಾಲರ್‌ನಲ್ಲಿ ಸಣ್ಣ ನೋಟು ಇಟ್ಟುಕೊಳ್ಳಿ. ಮೈಸೂರಿನಿಂದ ಬೆಂಗಳೂರು ಏರ್‌ಪೋರ್ಟಿಗೆ ಕೆಎಸ್‌ಆರ್‌ಟಿಸಿ ಫ್ಲೈಬಸ್ ನೇರ ಹೋಗುತ್ತೆ, ಮಂಡ್ಯದವರಿಗೂ ಅದೇ ಅನುಕೂಲ. ಟ್ಯಾಕ್ಸಿಗೆ ಹಾಕುವ ದುಡ್ಡಲ್ಲಿ ಮಾಫುಶಿಯಲ್ಲಿ ಒಂದು ರಾತ್ರಿ ಹೆಚ್ಚಿಗೆ ಇರಬಹುದು.

ಏಜೆಂಟ್ ಮೂಲಕ ಹೊರದೇಶದ ಪ್ಯಾಕೇಜ್ ತಗೊಂಡರೆ ಟಿಸಿಎಸ್ ಅಂತ, ಅಂದರೆ ಮಾರುವಾಗಲೇ ವಸೂಲಿ ಮಾಡುವ ತೆರಿಗೆ, ಮೇಲೊಂದಿಷ್ಟು ಹಿಡಿಯುತ್ತಾರೆ. ಅದು ಹೋದ ದುಡ್ಡಲ್ಲ, ರಿಟರ್ನ್ ಫೈಲ್ ಮಾಡುವಾಗ ನಿಮ್ಮ ತೆರಿಗೆಗೆ ಹೊಂದಿಸಿಕೊಳ್ಳಬಹುದು ಅಥವಾ ವಾಪಸ್ ಪಡೆಯಬಹುದು. ಯಾರ ಪ್ಯಾನ್ ಕೊಟ್ಟಿದ್ದೀರೋ ಅವರ ಹೆಸರಿಗೇ ಬರುತ್ತೆ. ಹಾಗಾಗಿ ಗಂಡ ಹೆಂಡತಿಯಲ್ಲಿ ರಿಟರ್ನ್ ಹಾಕುವವರು ಯಾರೋ ಅವರ ಪ್ಯಾನ್ ಕೊಡಿ, ಮಾವನವರದ್ದಲ್ಲ.