ಬೋಟ್ ಟ್ರೇಲರ್ ಎಡಗಡೆ ಟೈರ್ ಒಳಗಿಂದ ಸವೆದಿದ್ದಕ್ಕೆ ಕಾರಣ ಹುಡುಕಿದ್ದು: ನನ್ನ ಅನುಭವ

ಇಲ್ಲಿ ಮಿಶಿಗನ್‌ನಲ್ಲಿ ಬೋಟ್ ಇಟ್ಕೊಂಡಿರೋ ನಮ್ಮವ್ರು ಮೋಟರ್ ಬಗ್ಗೆ, ಫಿಶ್ ಫೈಂಡರ್ ಬಗ್ಗೆ ಗಂಟೆಗಟ್ಲೆ ಮಾತಾಡ್ತಾರೆ, ಟ್ರೇಲರ್ ಕೆಳಗೆ ಬಗ್ಗಿ ನೋಡೋರು ಮಾತ್ರ ಕಮ್ಮಿ. ನನ್ ಹತ್ರ ಇರೋದು 17 ಅಡಿ ಅಲ್ಯೂಮಿನಿಯಂ ಬೋಟ್, ಒಂದೇ ಆಕ್ಸಲ್ ಇರೋ ಟ್ರೇಲರ್, ಟೈರ್ ಎಸ್‌ಟಿ 205/75 ಆರ್14. ಎಡಗಡೆ ಟೈರ್ ಹೊರಗಿಂದ ನೋಡಿದ್ರೆ ಚೆನ್ನಾಗೇ ಇತ್ತು, ಫೆಂಡರ್ ಒಳಗೆ ತಲೆ ಹಾಕಿ ನೋಡಿದ್ರೆ ಒಳಗಿನ ಅಂಚಲ್ಲಿ ಬಟನ್ನೇ ಇಲ್ಲ, ನುಣ್ಣಗಾಗೋಗಿದೆ. ಬಲಗಡೇದು ಸುಮಾರಾಗಿತ್ತು.

ಟೈರ್ ಅಂಗಡೀಲಿ ನೋಡಿದ ತಕ್ಷಣ ಹೇಳಿದ್ದು, ಏರ್ ಕಮ್ಮಿ ಇಟ್ಟು ಓಡ್ಸಿದೀರ, ಎರಡೂ ಹೊಸದು ಹಾಕ್ಸಿ ಅಂತ. ಇದನ್ನ ನಾನು ಒಪ್ಪಲಿಲ್ಲ, ಯಾಕಂದ್ರೆ ಏರ್ ಕಮ್ಮಿ ಇದ್ರೆ ಟೈರ್‌ನ ಎರಡೂ ಅಂಚು ಸವೀಬೇಕು, ಜಾಸ್ತಿ ಇದ್ರೆ ನಡುಮಧ್ಯ ಸವೀಬೇಕು, ಒಂದೇ ಅಂಚು ಹೋಗಿದೆ ಅಂದ್ರೆ ಚಕ್ರ ನೆಟ್ಟಗೆ ನಿಂತಿಲ್ಲ ಅಂತಲೇ ಅರ್ಥ. ಅದೂ ಅಲ್ದೆ ಟ್ರೇಲರ್ ಟೈರ್‌ಗೆ ಕಾರಿನ ಲೆಕ್ಕ ಹಾಕ್ಬಾರ್ದು, ಸೈಡ್‌ವಾಲ್ ಮೇಲೆ ಬರೆದಿರೋ ಫುಲ್ ಪ್ರೆಶರ್ರೇ ಇಡ್ಬೇಕು. ಈ ಸೈಜಲ್ಲಿ ಲೋಡ್ ರೇಂಜ್ (ಟೈರ್ ಎಷ್ಟು ಭಾರ ಹೊರುತ್ತೆ ಅನ್ನೋ ದರ್ಜೆ) ಸಿ ಅಂದ್ರೆ 50 ಪಿಎಸ್ಐ, ಅಷ್ಟಿದ್ರೇನೇ ಒಂದು ಟೈರ್ 1760 ಪೌಂಡ್ ಹೊರೋದು. ಬೆಳಿಗ್ಗೆ ಗಾಡಿ ಆಚೆ ತೆಗೆಯೋಕ್ ಮುಂಚೆ, ಟೈರ್ ತಣ್ಣಗಿರುವಾಗ್ಲೇ ನೋಡೋ ಅಭ್ಯಾಸ ನನಗಿದೆ. ಹಾಗಾಗಿ ಏರ್ ವಿಷಯ ಅಲ್ಲಿಗೆ ಬಿಟ್ಟೆ.

ಆಮೇಲೆ ತೂಕ. ಲೋಡ್ ಜಾಸ್ತಿ ಆದ್ರೂ ಒಳಗಿನ ಅಂಚೇ ಸವೆಯೋದು, ಆಕ್ಸಲ್ ಮಧ್ಯಕ್ಕೆ ಜಗ್ಗಿ ಎರಡೂ ಚಕ್ರದ ತಲೆ ಒಳಗಡೆಗೆ ವಾಲುತ್ತೆ. ಬೋಟ್ ಬ್ರೋಶರ್‌ನಲ್ಲಿ ಹಾಕಿರೋ ತೂಕ ಎಷ್ಟೋ ಸಲ ಬರೀ ಹಲ್, ಅಂದ್ರೆ ಬೋಟಿನ ಖಾಲಿ ಮೈದು, ಮೋಟರ್, ಬ್ಯಾಟರಿ, ಆಂಕರ್, ಕೂಲರ್ ಎಲ್ಲ ಆಮೇಲೆ ಸೇರ್ಕೊಳ್ಳುತ್ತೆ, ಪೆಟ್ರೋಲೇ ಒಂದು ಗ್ಯಾಲನ್‌ಗೆ ಸುಮಾರು 6 ಪೌಂಡ್. ಅಂದಾಜಲ್ಲಿ ಮಾತಾಡೋದು ಬೇಡ ಅಂತ ಹೈವೇ ಪಕ್ಕದ ಟ್ರಕ್ ಸ್ಟಾಪ್‌ನಲ್ಲಿ ಲಾರಿ ತೂಗೋ ಕಾಟಾ ಮೇಲೆ, ಟ್ಯಾಂಕ್ ತುಂಬ್ಸಿ ಸಾಮಾನೆಲ್ಲ ಹಾಕ್ಕೊಂಡು, ಹಾಗೇ ಹತ್ತಿಸ್ದೆ. ಆಕ್ಸಲ್ ಮೇಲೆ ಬಿದ್ದಿದ್ದು 2900 ಪೌಂಡ್ ಆಸುಪಾಸು. ಆಕ್ಸಲ್ ರೇಟಿಂಗ್ 3500. ಓವರ್‌ಲೋಡೂ ಅಲ್ಲ. ಅಲ್ದೆ ಓವರ್‌ಲೋಡ್ ಆಗಿದ್ರೆ ಎರಡೂ ಕಡೆ ಸವೀಬೇಕಿತ್ತಲ್ಲ, ನನಗೆ ಹೋಗಿದ್ದು ಎಡಗಡೆ ಒಂದೇ.

ಕ್ಯಾಂಬರ್ (ಚಕ್ರದ ತಲೆ ಒಳಗೋ ಹೊರಗೋ ಎಷ್ಟು ವಾಲಿದೆ ಅನ್ನೋದು) ಅಳೆಯೋಕ್ ಮುಂಚೆ ಬೇರಿಂಗ್ ನೋಡ್ಲೇಬೇಕು, ಬೇರಿಂಗ್ ಲೂಸ್ ಇದ್ರೆ ಚಕ್ರ ವಾಲಿದ ಹಾಗೇ ಕಾಣುತ್ತೆ, ಆಮೇಲೆ ಅಳತೆಗೆ ಬೆಲೆನೇ ಇಲ್ಲ. ಜಾಕಿ ಕೊಟ್ಟು ಚಕ್ರದ ಮೇಲೂ ಕೆಳಗೂ ಹಿಡಿದು ಅಲ್ಲಾಡ್ಸಿದ್ರೆ ಪ್ಲೇ ಇದ್ಯಾ ಅಂತ ಕೈಗೇ ಗೊತ್ತಾಗುತ್ತೆ. ಬೋಟ್ ಟ್ರೇಲರ್‌ಗೆ ಈ ಕಾಟ ಬೇರೆ ಟ್ರೇಲರ್‌ಗಿಂತ ಜಾಸ್ತಿ. ಹೈವೇಲಿ ಓಡಿ ಬಿಸಿಯಾಗಿರೋ ಹಬ್ (ಚಕ್ರದ ನಡುವೆ ಬೇರಿಂಗ್ ಕೂರೋ ಭಾಗ) ಸೀದಾ ತಣ್ಣೀರಿಗೆ ಇಳಿಯುತ್ತೆ, ಒಳಗಿನ ಗಾಳಿ ಕುಗ್ಗಿ ಸೀಲ್ ಸಂದಿಯಿಂದ ನೀರು ಎಳ್ಕೊಳ್ಳುತ್ತೆ. ಗ್ರೀಸ್ ಬೆಳ್ಳಗೆ ಹಾಲು ಬೆರೆಸಿದ ಹಾಗಾಗಿದ್ರೆ ನೀರು ಹೋಗಿದೆ ಅಂತ ತಿಳ್ಕೊಳ್ಳಿ. ನಂದು ಕ್ಲೀನಾಗಿತ್ತು, ಪ್ಲೇ ಕೂಡ ಇರ್ಲಿಲ್ಲ.

ಈ ಡೆಟ್ರಾಯ್ಟ್ ಕಡೆ ಇರೋದ್ರಲ್ಲಿ ಒಂದು ಅನುಕೂಲ ಏನಂದ್ರೆ ಸಸ್ಪೆನ್ಷನ್ ಕೆಲಸ ಮಾಡೋ ಕನ್ನಡದವ್ರು ಒಬ್ರಾದ್ರೂ ಸಿಕ್ಕೇ ಸಿಕ್ತಾರೆ. ನಾನು ಬೋಟ್ ಇಳಿಸಿ ಖಾಲಿ ಟ್ರೇಲರ್ ಅಳೀತೀನಿ ಅಂದಾಗ ನನ್ ಫ್ರೆಂಡ್, "ಖಾಲಿ ಅಳೆದು ಏನ್ ಮಾಡ್ತೀಯೋ ಗುರು, ಆಕ್ಸಲ್ ಮಧ್ಯಕ್ಕೆ ಸ್ವಲ್ಪ ಮೇಲಕ್ಕೆ ಬಾಗಿಸೇ ಮಾಡಿರ್ತಾರೆ, ಲೋಡ್ ಬಿದ್ಮೇಲೇನೇ ಚಕ್ರ ನೆಟ್ಟಗಾಗೋದು" ಅಂದ. ಸರಿ, ಬೋಟ್ ಮೇಲೇ ಬಿಟ್ಟು, ಗ್ಯಾರೇಜ್ ನೆಲದ ವಾಲು ಎಷ್ಟಿದೆ ಅಂತ ಮೊದ್ಲು ರಸಮಟ್ಟ ಇಟ್ಟು ನೋಡ್ಕೊಂಡು, ರಿಮ್‌ನ ಮೇಲಿನ ಅಂಚಿಗೂ ಕೆಳಗಿನ ಅಂಚಿಗೂ ತಾಗೋ ಹಾಗೆ ನೆಟ್ಟಗಿರೋ ಪಟ್ಟಿ ಇಟ್ಟು, ಅದರ ಮೇಲೆ ಡಿಜಿಟಲ್ ಆಂಗಲ್ ಗೇಜ್ ಅಂಟಿಸಿ ನೋಡಿದ್ವಿ. ಬಲಗಡೆ ಅರ್ಧ ಡಿಗ್ರಿನೂ ಇಲ್ಲ, ಎಡಗಡೆ ಚಕ್ರದ ತಲೆ 2 ಡಿಗ್ರಿ ಒಳಗೆ ವಾಲಿದೆ.

ಇಷ್ಟಕ್ಕೇ ಸ್ಪಿಂಡಲ್ (ಆಕ್ಸಲ್ ತುದೀಲಿ ಹಬ್ ಕೂರೋ ಕಡ್ಡಿ) ಬೆಂಡ್ ಅನ್ನೋ ಹಾಗಿಲ್ಲ, ರಿಮ್ಮೇ ಬೆಂಡ್ ಆಗಿರ್ಬೋದು. ಅದಕ್ಕೆ ಚಕ್ರನ ಅರ್ಧ ಸುತ್ತು ತಿರುಗಿಸಿ ಮತ್ತೆ ಅದೇ ಥರ ಅಳೀಬೇಕು. ರಿಮ್ ಬೆಂಡ್ ಆಗಿದ್ರೆ ನಂಬರ್ ಬದ್ಲಾಗುತ್ತೆ, ಸ್ಪಿಂಡಲ್ ಆದ್ರೆ ಹಾಗೇ ಇರುತ್ತೆ. ಹಾಗೇ ಇತ್ತು.

ಬಲಗಡೆ ಟೈರ್ ಸುಮಾರಾಗಿತ್ತು ಅಂದ್ನಲ್ಲ, ಅದರ ಬಟನ್ ಮೇಲೆ ಅಂಗೈ ಅಡ್ಡಡ್ಡ ಎಳೆದ್ರೆ ಒಂದ್ ಕಡೆಗೆ ನುಣ್ಣಗೆ ಹೋಗ್ತಿತ್ತು, ವಾಪಸ್ ಎಳೆದ್ರೆ ಗರಗಸದ ಹಲ್ಲು ಥರ ಸಿಕ್ಕಾಕ್ಕೊಳ್ತಿತ್ತು. ಕಣ್ಣಿಗೆ ಕಾಣಲ್ಲ, ಕೈಗೆ ಮಾತ್ರ ಗೊತ್ತಾಗೋದು. ಇದು ಟೋ (ಚಕ್ರದ ಮುಖ ಸೀದಾ ಮುಂದಕ್ಕಿದ್ಯಾ, ಒಳಗೋ ಹೊರಗೋ ತಿರುಗಿದ್ಯಾ ಅನ್ನೋದು) ಸರಿಯಿಲ್ಲ ಅನ್ನೋದಕ್ಕೆ ಗುರುತು. ಬೆಂಡ್ ಆಗಿರೋದು ಎಡಗಡೆ ಸ್ಪಿಂಡಲ್, ಬಲಗಡೆ ಯಾಕೆ ಹೀಗೆ ಅಂತ ತಲೆ ಕೆಡಿಸ್ಕೊಂಡ್ರೆ ಉತ್ತರ ಇಷ್ಟೇ: ಒಂದೇ ಆಕ್ಸಲ್ ಟ್ರೇಲರ್‌ನಲ್ಲಿ ಒಂದು ಚಕ್ರ ಹೊರಗಡೆ ಮುಖ ಮಾಡಿದ್ರೆ ಟ್ರೇಲರ್ರೇ ಸ್ವಲ್ಪ ಓರೆಯಾಗಿ ಓಡಿ ಆ ತಪ್ಪನ್ನ ಎರಡೂ ಚಕ್ರಕ್ಕೆ ಹಂಚಿಬಿಡುತ್ತೆ. ಕ್ಯಾಂಬರ್ ಹಾಗಲ್ಲ, ಯಾವ ಚಕ್ರ ವಾಲಿದ್ಯೋ ಅದನ್ನೇ ತಿನ್ನುತ್ತೆ.

ಟೋ ಅಳೆಯೋಕೆ ಮೆಷಿನ್ ಬೇಕಿಲ್ಲ. ಚಕ್ರ ಎತ್ತಿ, ಬಟನ್ ಮೇಲೆ ಸುತ್ತಲೂ ಚಾಕ್‌ಪೀಸ್ ಬಳಿದು, ಒಂದು ಮೊಳೆನ ಅಲ್ಲಾಡದ ಹಾಗೆ ಸ್ಟ್ಯಾಂಡಿಗೆ ಒರಗಿಸಿ ಹಿಡಿದು ಚಕ್ರ ತಿರುಗಿಸಿದ್ರೆ ಸಣ್ಣ ಗೆರೆ ಬೀಳುತ್ತೆ. ಎರಡೂ ಕಡೆ ಗೆರೆ ಹಾಕಿ, ಕೆಳಗಿಳಿಸಿ, ಟ್ರೇಲರ್‌ನ ಕೆಲವು ಅಡಿ ಮುಂದಕ್ಕೆ ಎಳೀರಿ, ಇಲ್ಲಾಂದ್ರೆ ಪಾಟಾ (ಆಕ್ಸಲ್ ಹೊತ್ತಿರೋ ಪಟ್ಟಿ ಸ್ಪ್ರಿಂಗ್) ಸರಿಯಾಗಿ ಕೂರಲ್ಲ. ಆಮೇಲೆ ಆಕ್ಸಲ್ ಎತ್ತರದಲ್ಲೇ ಮುಂದಿನ ಗೆರೆಯಿಂದ ಗೆರೆಗೆ ಒಂದ್ಸಲ, ಹಿಂದೆ ಒಂದ್ಸಲ ಟೇಪ್ ಹಿಡೀರಿ. ನಂದು ಮುಂದೆ ಕಾಲು ಇಂಚಿಗಿಂತ ಜಾಸ್ತಿ ಅಗಲ ಬಂತು, ಅಂದ್ರೆ ಟೋ-ಔಟ್. ಗುಂಡಿಗೆ ಬಿದ್ದ ಚಕ್ರಕ್ಕೆ ಏಟು ಮೇಲಕ್ಕೂ ಹಿಂದಕ್ಕೂ ಬೀಳುತ್ತೆ, ಸ್ಪಿಂಡಲ್ ಅದೇ ದಿಕ್ಕಿಗೆ ಬಾಗಿದ್ರೆ ತಲೆ ಒಳಗೆ ವಾಲುತ್ತೆ, ಮುಖ ಹೊರಗೆ ತಿರುಗುತ್ತೆ. ಎರಡೂ ಅಳತೆ ಒಂದೇ ಕಥೆ ಹೇಳ್ತಿತ್ತು. ಇಲ್ಲಿ ಚಳಿಗಾಲ ಮುಗಿಯುವಾಗ ನೀರು ಹೆಪ್ಪುಗಟ್ಟಿ ಕರಗಿ ರೋಡೆಲ್ಲ ಕಿತ್ತೋಗಿರುತ್ತೆ, ಡೆಟ್ರಾಯ್ಟ್ ನದೀಲಿ ವಾಲೈ ಮೀನು ಮೊಟ್ಟೆ ಇಡೋಕೆ ಗುಂಪಾಗಿ ಬರೋದೂ ಏಪ್ರಿಲ್‌ನಲ್ಲೇ. ಮೀನಿಗೋಸ್ಕರ ಗುಂಡಿ ಸೀಸನ್ನಲ್ಲೇ ಬೋಟ್ ಎಳ್ಕೊಂಡ್ ಹೋಗೋದು, ಇನ್ನೇನಾಗುತ್ತೆ.

ಆಕ್ಸಲ್ ಓರೆಯಾಗಿ ಕೂತಿರ್ಬೋದು ಅಂತ ಕೆಲವರು ಹೇಳಿದ್ರು, ಕಪ್ಲರ್‌ನಿಂದ (ಗಾಡಿಗೆ ಸಿಕ್ಕಿಸೋ ಮುಂದಿನ ಕೊಂಡಿ) ಎರಡೂ ಹಬ್‌ಗೆ ಅಳೆದೆ, ಸಮ ಇತ್ತು. ಓರೆ ಇದ್ದಿದ್ರೂ ಒಂದೇ ಆಕ್ಸಲ್‌ನಲ್ಲಿ ಟ್ರೇಲರ್ ಏಡಿ ಥರ ಅಡ್ಡ ಓಡುತ್ತೆ ಅಷ್ಟೇ, ಟೈರ್ ಇಷ್ಟು ಸವೆಯಲ್ಲ. ಎರಡು ಆಕ್ಸಲ್ ಇರೋರು ಮಾತ್ರ ಇದನ್ನ ಮೊದ್ಲೇ ನೋಡ್ಬೇಕು, ಒಂದಕ್ಕೊಂದು ಎಳೆದಾಡಿ ಟೈರ್ ತಿಂದುಹಾಕುತ್ತೆ.

ಬಿಸಿ ಮಾಡಿ ಸ್ಪಿಂಡಲ್ ನೆಟ್ಟಗೆ ಮಾಡ್ಕೊಡ್ತೀವಿ ಅಂದವ್ರಿದ್ರು, ನಾನು ಬೇಡ ಅಂದೆ. ಗ್ಯಾಲ್ವನೈಸ್ಡ್ ಆಕ್ಸಲ್, ಬಿಸಿ ಮಾಡಿದ್ರೆ ಸತು ಸುಟ್ಟೋಗುತ್ತೆ, ಲೋಹದ ಗಟ್ಟಿನೂ ಹೋಗುತ್ತೆ. ಹಬ್ ಮುಖದಿಂದ ಹಬ್ ಮುಖಕ್ಕೆ ಎಷ್ಟು, ಸ್ಪ್ರಿಂಗ್ ಮಧ್ಯದಿಂದ ಮಧ್ಯಕ್ಕೆ ಎಷ್ಟು, ಈ ಎರಡು ಅಳತೆ ಕೊಟ್ಟು ಹೊಸ ಆಕ್ಸಲ್ಲೇ ತರಿಸಿ, ಬಾಗು ಮೇಲಕ್ಕೆ ಬರೋ ಹಾಗೆ ಕೂರಿಸಿದ್ವಿ. ಯು-ಬೋಲ್ಟ್ ಮೊದ್ಲ ಓಡಾಟ ಆದ್ಮೇಲೆ ಇನ್ನೊಂದ್ಸಲ ಟೈಟ್ ಮಾಡ್ಬೇಕು, ಚಕ್ರದ ನಟ್ಟೂ ಅಷ್ಟೇ. ಟೈರ್ ಅದಾದ್ಮೇಲೆ ತಗೊಂಡೆ. ಈಗ ಸೀಸನ್ ಮಧ್ಯೆ ಡೆಪ್ತ್ ಗೇಜ್ ಇಟ್ಟು ಒಳಗೆ, ಮಧ್ಯ, ಹೊರಗೆ ಅಂತ ಮೂರು ಕಡೆ ನೋಡಿ ಬರ್ದಿಟ್ಕೊಳ್ತೀನಿ, ಇಲ್ಲೀತನಕ ಮೂರೂ ಒಂದೇ ಸಮ ಇದೆ. ಹಳೇ ಆಕ್ಸಲ್ ಗುಜರಿಗೆ ಹೋಯ್ತು, ಅದರ ಬಲಗಡೆ ಹಬ್ ಮಾತ್ರ ಬೇರಿಂಗ್, ಗ್ರೀಸ್ ಸಮೇತ ಡಬ್ಬೀಲಿ ಹಾಕಿ ಬೋಟಲ್ಲೇ ಇಟ್ಟಿದೀನಿ. ರೋಡಲ್ಲಿ ಬೇರಿಂಗ್ ಹೋದ್ರೆ ಹಬ್ಬೇ ಪೂರ್ತಿ ಬದಲಾಯಿಸಿ ಮನೆ ಸೇರ್ಬೋದು.