ಸದ್ದು ಎಲ್ಲಿ ನಿಂತಿದೆ? ಗಿಟಾರ್ ಪೆಡಲ್ ರಿಪೇರಿಗೆ ಆಡಿಯೊ ಪ್ರೋಬ್

ಗಿಟಾರಿನ ಸದ್ದನ್ನು ಬದಲಿಸಲು ಕಾಲಿನಿಂದ ಒತ್ತುವ ಪೆಟ್ಟಿಗೆಯೇ ಪೆಡಲ್. ಸದ್ದೇ ಹೊರಡದ ಗಿಟಾರ್ ಪೆಡಲ್ ಎದುರಿಗಿದ್ದಾಗ ಮಲ್ಟಿಮೀಟರ್ ವೋಲ್ಟೇಜನ್ನು ಹೇಳುತ್ತದೆಯೇ ಹೊರತು ಸಂಗೀತದ ಸಂಕೇತ ಎಲ್ಲಿಯವರೆಗೆ ಬಂದು ನಿಂತಿದೆ ಎಂಬುದನ್ನು ಹೇಳುವುದಿಲ್ಲ. ಅದಕ್ಕಾಗಿ ನಾನು, ಸರ್ಕ್ಯೂಟಿನಲ್ಲಿ ಮುಟ್ಟಿದ ಜಾಗದ ಸಂಕೇತವನ್ನು ಆಂಪ್ಲಿಫೈಯರಿನಲ್ಲಿ ಕೇಳಿಸುವ ಒಂದು ಆಡಿಯೊ ಪ್ರೋಬ್ ಮಾಡಿಕೊಂಡೆ. ಬೇಕಾದದ್ದು ಹಳೆಯ ಗಿಟಾರ್ ಕೇಬಲ್, ಕ್ರೊಕಡೈಲ್ ಕ್ಲಿಪ್ ಮತ್ತು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ, ಮೈಮೇಲೆ 104 ಎಂದು ಅಚ್ಚಾಗಿರುವ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್. ಕೇಬಲಿನ ಒಂದು ತುದಿಯನ್ನು ಕತ್ತರಿಸಿ, ಒಳತಂತಿಗೆ ಕೆಪಾಸಿಟರಿನ ಒಂದು ಕಾಲನ್ನೂ ಹೊರಸುತ್ತಿನ ತಂತಿಗೆ ಕ್ಲಿಪ್ಪನ್ನೂ ಬೆಸುಗೆ ಹಾಕಿದೆ. ಕ್ಲಿಪ್ ಪೆಡಲಿನ ಗ್ರೌಂಡಿಗೆ, ಕೇಬಲಿನ ಇನ್ನೊಂದು ತುದಿ ಸಣ್ಣ ಆಂಪ್ಲಿಫೈಯರಿಗೆ. ಕೆಪಾಸಿಟರಿನ ಉಳಿದ ಕಾಲೇ ಸರ್ಕ್ಯೂಟನ್ನು ಮುಟ್ಟುವ ಮೊನೆ. ನೇರ ವಿದ್ಯುತ್ತನ್ನು ಕೆಪಾಸಿಟರ್ ತಡೆದು ಸಂಕೇತವನ್ನು ಮಾತ್ರ ಬಿಡುತ್ತದೆ. ಆದರೂ ಮುಟ್ಟಿದ ಕ್ಷಣ ಟಪ್ಪೆಂಬ ಸದ್ದು ಬರುವುದರಿಂದ ಆಂಪ್ಲಿಫೈಯರಿನ ವಾಲ್ಯೂಮ್ ಕಡಿಮೆಯೇ ಇರಬೇಕು. ಇದು 9 ವೋಲ್ಟಿನ ಪೆಡಲುಗಳಿಗಷ್ಟೇ ಸಲ್ಲುವ ಉಪಕರಣ. ನೂರಾರು ವೋಲ್ಟ್ ಹರಿಯುವ ವಾಲ್ವ್ ಆಂಪ್ಲಿಫೈಯರಿನೊಳಗೆ ಇದನ್ನು ಎಂದಿಗೂ ಇಡಬಾರದು.

ಪರೀಕ್ಷೆ ನಡೆಯುವಷ್ಟು ಹೊತ್ತೂ ಪೆಡಲಿನ ಇನ್‌ಪುಟ್ಟಿಗೆ ಯಾವುದಾದರೊಂದು ಸದ್ದು ಹರಿಯುತ್ತಿರಬೇಕು. ಕೈಗಳೆರಡೂ ಬೇರೆ ಕೆಲಸದಲ್ಲಿರುವುದರಿಂದ ನಾನು ಮೊಬೈಲಿನ ತಂಬೂರಿ ಆ್ಯಪನ್ನು ಸಣ್ಣ ದನಿಯಲ್ಲಿ ಹಚ್ಚಿಡುತ್ತೇನೆ. ಅದರ ನಾದ ಏಕರೀತಿಯಲ್ಲಿರುವುದರಿಂದ ಸದ್ದು ತಗ್ಗಿದ್ದೂ ಒಡೆದದ್ದೂ ಕೂಡಲೇ ತಿಳಿಯುತ್ತದೆ. ಮೊಬೈಲಿನಿಂದ ಬರುವ ಸ್ಟೀರಿಯೊ ಪಿನ್ನನ್ನು ನೇರವಾಗಿ ಚುಚ್ಚಬಾರದು, ಏಕೆಂದರೆ ಅನೇಕ ಪೆಡಲುಗಳಲ್ಲಿ ಬ್ಯಾಟರಿಯ ಋಣ ತಂತಿ ಇನ್‌ಪುಟ್ ಜ್ಯಾಕಿನ ಮೂಲಕವೇ ಗ್ರೌಂಡಿಗೆ ಸೇರುತ್ತದೆ ಮತ್ತು ಆ ಸಂಪರ್ಕ ಏರ್ಪಡುವುದು ಮಾನೊ ಪಿನ್ ಹಾಕಿದಾಗ ಮಾತ್ರ.

ಗೆಳೆಯರೊಬ್ಬರು ತಾವೇ ಜೋಡಿಸಿದ ಟ್ಯೂಬ್ ಸ್ಕ್ರೀಮರ್ (ಗಿಟಾರಿನ ಸದ್ದನ್ನು ಒಡೆಸುವ ಹೆಸರಾಂತ ಪೆಡಲ್) ಮಾದರಿಯ ಪೆಡಲೊಂದನ್ನು ತಂದುಕೊಟ್ಟಿದ್ದರು. ಎಲ್‌ಇಡಿ ಉರಿಯುತ್ತಿತ್ತು, ಬೈಪಾಸ್‌ನಲ್ಲಿ (ಪೆಡಲಿನ ಪರಿಣಾಮ ಸೇರದೆ ಸದ್ದು ಹಾದುಹೋಗುವ ಸ್ಥಿತಿ) ಗಿಟಾರ್ ಕೇಳುತ್ತಿತ್ತು, ಪೆಡಲ್ ಆನ್ ಮಾಡಿದರೆ ನಿಶ್ಶಬ್ದ. ಇನ್‌ಪುಟ್ ಜ್ಯಾಕಿನಿಂದ ಹೊರಟೆ: ಮೊದಲ ಟ್ರಾನ್ಸಿಸ್ಟರಿನ ಬೇಸಿನಲ್ಲಿ (ಸಂಕೇತ ಒಳಬರುವ ಕಾಲು) ತಂಬೂರಿ ಇತ್ತು, ಎಮಿಟರಿನಲ್ಲೂ (ಇಲ್ಲಿ ಹೊರಹೋಗುವ ಕಾಲು) ಅಷ್ಟೇ ಮಟ್ಟದಲ್ಲಿತ್ತು; ಅದು ಬಫರ್, ಅಂದರೆ ಸಂಕೇತವನ್ನು ಇದ್ದ ಮಟ್ಟದಲ್ಲೇ ಮುಂದಕ್ಕೆ ದಾಟಿಸುವ ಹಂತ ಆದ್ದರಿಂದ ಸದ್ದು ಹೆಚ್ಚಬೇಕಿಲ್ಲ. ಅಲ್ಲಿಂದ ಎರಡು ಹಂತಗಳನ್ನು ಜೋಡಿಸುವ ಕಪ್ಲಿಂಗ್ ಕೆಪಾಸಿಟರನ್ನು ದಾಟಿ, ಸಂಕೇತವನ್ನು ಹಿಗ್ಗಿಸುವ ಆಪ್-ಆಂಪ್ ಆದ 4558 ಐಸಿಯ 3ನೇ ಪಿನ್ನಿಗೂ (ಇನ್‌ಪುಟ್) ಸದ್ದು ಬಂದಿತ್ತು. ಆದರೆ ಡಿಸ್ಟಾರ್ಷನ್‌ನೊಂದಿಗೆ (ಒಡೆದ ದನಿ) ಮೊಳಗಬೇಕಿದ್ದ 1ನೇ ಪಿನ್ನಿನಲ್ಲಿ (ಔಟ್‌ಪುಟ್) ಏನೂ ಇರಲಿಲ್ಲ.

ಇಲ್ಲಿ ಐಸಿ ಸುಟ್ಟಿದೆಯೆಂದು ಹೊಸದನ್ನು ಹಾಕಲು ಹೊರಡುವವರೇ ಹೆಚ್ಚು. ಪ್ರೋಬ್ ತೋರಿಸುವುದು ಜಾಗವನ್ನು ಮಾತ್ರ, ಕಾರಣವನ್ನಲ್ಲ. ಕಾರಣಕ್ಕೆ ಮತ್ತೆ ಮಲ್ಟಿಮೀಟರೇ ಬೇಕು. 1ನೇ ಪಿನ್ನಿನಲ್ಲಿ ಪೂರೈಕೆಯ ಅರ್ಧ, ಅಂದರೆ ಸುಮಾರು 4.5 ವೋಲ್ಟ್ ಇರಬೇಕಾದಲ್ಲಿ 8ಕ್ಕೂ ಹೆಚ್ಚು ತೋರಿಸಿತು. ಔಟ್‌ಪುಟ್ ಮೇಲ್ಮಿತಿಗೆ ಹೋಗಿ ಅಂಟಿಕೊಂಡಿದ್ದರೆ ಸಂಕೇತಕ್ಕೆ ಏರಿಳಿಯಲು ಜಾಗವೇ ಉಳಿಯುವುದಿಲ್ಲ. 3ನೇ ಪಿನ್ನಿಗೆ 4.5 ವೋಲ್ಟ್ ತರುವ 10 ಕಿಲೊ ಓಮ್ ರೆಸಿಸ್ಟರಿನ ಬೆಸುಗೆ ಮಂಕಾಗಿತ್ತು, ಕಾಲನ್ನು ಹಿಡಿದೇ ಇರಲಿಲ್ಲ. ಅದನ್ನು ಮತ್ತೆ ಕಾಯಿಸಿ ಹೊಸ ಸೀಸ ಕೊಟ್ಟ ಕೂಡಲೇ ವೋಲ್ಟೇಜ್ ಇಳಿದು ಸ್ಥಾನಕ್ಕೆ ಬಂತು. ಟೋನ್ ಹಂತದ 7ನೇ ಪಿನ್ನಿನವರೆಗೂ ತಂಬೂರಿ ಒಡೆದ ದನಿಯಲ್ಲಿ ಕೇಳಿಸಿತು.

ಪ್ರೋಬ್ ಹಿಡಿದವರು ಸದ್ದು ಇರಬಾರದ ಜಾಗಗಳನ್ನೂ ತಿಳಿದಿರಬೇಕು. ಬಿಗ್ ಮಫ್ ಎಂಬ ಪೆಡಲಿನಲ್ಲಿ ಟ್ರಾನ್ಸಿಸ್ಟರಿನ ಕಲೆಕ್ಟರಿನಿಂದ (ಅಲ್ಲಿ ಹೊರಹೋಗುವ ಕಾಲು) ಬೇಸಿಗೆ ಫೀಡ್‌ಬ್ಯಾಕ್, ಅಂದರೆ ಸಂಕೇತದ ಒಂದು ಭಾಗ ಹಿಂದಿರುಗುವ ದಾರಿ, ಇರುವುದರಿಂದ ಬೇಸಿನಲ್ಲಿ ಸದ್ದು ತೀರ ಕ್ಷೀಣವಾಗಿರುತ್ತದೆ. ಸಂಕೇತ ಇನ್ವರ್ಟಿಂಗ್ ಪಿನ್ನಿಗೆ (ಸಂಕೇತವನ್ನು ತಲೆಕೆಳಗು ಮಾಡುವ ಇನ್‌ಪುಟ್) ಬರುವ ಆಪ್-ಆಂಪ್ ಹಂತಗಳಲ್ಲಿ ಆ ಪಿನ್ನಿನಲ್ಲಿ ಬಹುತೇಕ ಏನೂ ಕೇಳುವುದಿಲ್ಲ. ಇವೆರಡೂ ದೋಷವಲ್ಲ. ಇದಕ್ಕೆ ವಿರುದ್ಧವಾಗಿ, ಪೂರೈಕೆಯ ಅರ್ಧವನ್ನು ಒದಗಿಸುವ 4.5 ವೋಲ್ಟಿನ ಬಿಂದುವಿನಲ್ಲಿ ತಂಬೂರಿ ಸ್ಪಷ್ಟವಾಗಿ ಕೇಳಿದರೆ, ಅಲ್ಲಿನ ಸದ್ದನ್ನು ಗ್ರೌಂಡಿಗೆ ಇಳಿಸಬೇಕಾದ ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಮೇಲೆ ನನಗೆ ಮೊದಲ ಅನುಮಾನ. ಟ್ಯೂಬ್ ಸ್ಕ್ರೀಮರ್‌ನಲ್ಲಿ ಅದು 47 ಮೈಕ್ರೊಫ್ಯಾರಡ್. ಪೆಡಲನ್ನು ಆರಿಸಿ ಅದರ ಎರಡು ಕಾಲುಗಳ ಬೆಸುಗೆಯನ್ನು ನೋಡಿ, ಬೆಸುಗೆ ಸರಿಯಿದ್ದರೆ ಕೆಪಾಸಿಟರನ್ನೇ ಬದಲಿಸುತ್ತೇನೆ.