ಸಹಿಗೆ ಮೊದಲು ಆಗಬೇಕಾದ ಮಾತುಕತೆ: ಮನೋವೈದ್ಯೆಯಾಗಿ ನನ್ನ ಅನುಭವ

ಹಾಸನದಲ್ಲಿ ಮನೋವೈದ್ಯೆಯಾಗಿರುವ ನನ್ನ ಬಳಿಗೆ ಸಕಲೇಶಪುರ, ಅರಕಲಗೂಡು, ಅರಸೀಕೆರೆ ಕಡೆಗಳಿಂದ ರೋಗಿಗಳನ್ನು ಕರೆತರುವ ಮನೆಯವರು ಸಾಮಾನ್ಯವಾಗಿ ಮೊದಲು ಕೇಳುವುದು, "ಎಲ್ಲಿ ಸಹಿ ಹಾಕ್ಬೇಕು ಹೇಳಿ ಮೇಡಂ, ಅಡ್ಮಿಟ್ ಮಾಡ್ಕೊಳ್ಳಿ" ಎಂದು. ಎಷ್ಟೋ ರಾತ್ರಿ ನಿದ್ದೆಗೆಟ್ಟು ಬಂದವರ ಆತುರ ನನಗೆ ಅರ್ಥವಾಗುತ್ತದೆ. ಆದರೆ 1987ರ ಹಳೆಯ ಕಾಯ್ದೆಯ ಸ್ಥಾನದಲ್ಲಿ 2018ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ ಪ್ರಕಾರ ಒಪ್ಪಿಗೆಯನ್ನು ಮೊದಲು ಕೇಳಬೇಕಾದದ್ದು ರೋಗಿಯನ್ನೇ ಹೊರತು ಜೊತೆಯಲ್ಲಿ ಬಂದವರನ್ನಲ್ಲ.

ಕಾಯಿಲೆ ಇದೆ ಎಂದ ಮಾತ್ರಕ್ಕೆ ನಿರ್ಧರಿಸುವ ಸಾಮರ್ಥ್ಯ ಇಲ್ಲವೆಂದು ಕಾಯ್ದೆ ಭಾವಿಸುವುದಿಲ್ಲ. ಚಿಕಿತ್ಸೆಯ ಬಗ್ಗೆ ಹೇಳಿದ್ದು ತಿಳಿಯುತ್ತದೆಯೇ, ಒಪ್ಪಿದರೆ ಅಥವಾ ಬಿಟ್ಟರೆ ಏನಾದೀತೆಂಬ ಅರಿವಿದೆಯೇ, ತನ್ನ ನಿರ್ಧಾರವನ್ನು ಮಾತಿನಿಂದಲೋ ಸನ್ನೆಯಿಂದಲೋ ತಿಳಿಸಬಲ್ಲರೇ ಎಂಬುದನ್ನು ನಾನು ನೋಡುತ್ತೇನೆ. ಇದಕ್ಕೆ ಮನೆಯವರನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ, ರೋಗಿಯ ಆಡುಮಾತಿನಲ್ಲೇ ವಿಷಯ ತಿಳಿಸಿ, "ನಾನು ಹೇಳಿದ್ದನ್ನ ನಿಮ್ಮ ಮಾತಲ್ಲಿ ಹೇಳಿ ನೋಡೋಣ" ಎನ್ನುತ್ತೇನೆ. ಬರೀ ತಲೆಯಾಡಿಸಿದ್ದನ್ನು ನಾನು ಒಪ್ಪಿಗೆಯೆಂದು ಬರೆದುಕೊಳ್ಳುವುದಿಲ್ಲ.

ಗುರುತು ಸಿಗದಂತೆ ವಿವರ ಬದಲಿಸಿ ಎರಡು ಪ್ರಸಂಗಗಳನ್ನು ಹೇಳುತ್ತೇನೆ. ಕಾಫಿ ತೋಟದಲ್ಲಿ ಕೆಲಸ ಮಾಡುವ ಒಬ್ಬರಿಗೆ ಯಾರೋ ಬೈಯುವ ದನಿಗಳು ಕೇಳಿಸುತ್ತಿದ್ದವು. ಅಣ್ಣ ದಾಖಲಿಸಲೇಬೇಕೆಂದು ಪಟ್ಟು ಹಿಡಿದಿದ್ದರು. ರೋಗಿ ಮಾತ್ರ, "ಮಾತ್ರೆ ನುಂಗ್ತೀನಿ, ಬಿಟ್ರೆ ಹೋದ್ಸಲದಂಗೆ ಜಾಸ್ತಿ ಆಗುತ್ತೆ ಅಂತ ಗೊತ್ತು, ಆದ್ರೆ ಹಣ್ಣು ಕುಯ್ಯೋ ಕಾಲದಲ್ಲಿ ಇಲ್ಲಿ ಮಲಗಲ್ಲ" ಎಂದರು. ದನಿಗಳು ಇನ್ನೂ ಕೇಳುತ್ತಿದ್ದರೂ ಮಾತ್ರೆ ಬಿಟ್ಟರೆ ಏನಾಗುತ್ತದೆಂದು ಅವರಿಗೆ ಸ್ಪಷ್ಟವಾಗಿ ತಿಳಿದಿತ್ತು, ತನಗಾಗಲಿ ಇತರರಿಗಾಗಲಿ ಅಪಾಯ ಮಾಡುವ ಸೂಚನೆಯೂ ಇರಲಿಲ್ಲ. ಇತರರಿಗೆ ತಪ್ಪೆನಿಸುವ ನಿರ್ಧಾರ ಮಾಡಿದರೆಂಬ ಕಾರಣಕ್ಕೇ ಒಬ್ಬರಿಗೆ ಸಾಮರ್ಥ್ಯವಿಲ್ಲ ಎನ್ನುವಂತಿಲ್ಲವೆಂದು ಕಾಯ್ದೆಯ 4ನೇ ಕಲಮೇ ಹೇಳುತ್ತದೆ. ಹಾಗಾಗಿ ಅವರ ಮಾತನ್ನು ಹಾಗೆಯೇ ದಾಖಲಿಸಿ ಹೊರರೋಗಿಯಾಗಿ ಚಿಕಿತ್ಸೆ ಮುಂದುವರಿಸಿದೆ.

ಇನ್ನೊಬ್ಬಾಕೆ ಹೆರಿಗೆಯಾಗಿ ಕೆಲವೇ ವಾರಗಳಾದ ಬಾಣಂತಿ. ಊಟ ನೀರು ಬಿಟ್ಟಿದ್ದರು, ಎಷ್ಟು ಬಗೆಯಲ್ಲಿ ಬಿಡಿಸಿ ಹೇಳಿದರೂ ಒಂದು ಮಾತೂ ಅವರಲ್ಲಿ ನಿಲ್ಲುತ್ತಿರಲಿಲ್ಲ. ಇಂಥಲ್ಲಿ 89ನೇ ಕಲಮಿನಡಿ, ನಾಮನಿರ್ದೇಶಿತ ಪ್ರತಿನಿಧಿಯ, ಅಂದರೆ ರೋಗಿಯ ಪರವಾಗಿ ನಿಲ್ಲುವವರ, ಕೋರಿಕೆಯ ಮೇಲೆ 30 ದಿನಗಳವರೆಗೆ ದಾಖಲಿಸಿಕೊಳ್ಳಬಹುದು. ಅದಕ್ಕೆ ನಾನೊಬ್ಬಳೇ ನೋಡಿದರೆ ಸಾಲದು. ಇನ್ನೊಬ್ಬ ವೈದ್ಯರೋ ಮಾನಸಿಕ ಆರೋಗ್ಯ ವೃತ್ತಿಪರರೋ ಪ್ರತ್ಯೇಕವಾಗಿ ಪರೀಕ್ಷಿಸಿ ಅದೇ ತೀರ್ಮಾನಕ್ಕೆ ಬರಬೇಕು. ರೋಗಿ ಮಹಿಳೆಯಾದ್ದರಿಂದ 3 ದಿನಗಳೊಳಗೆ ಇಂಥ ದಾಖಲಾತಿಗಳನ್ನು ಪರಿಶೀಲಿಸುವ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗೆ ತಿಳಿಸಿದೆವು. 3 ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ತಾಯಿಯಿಂದ ಅಗಲಿಸಬಾರದೆಂಬ ನಿಯಮವಿದೆ, ಮಗುವಿಗೆ ಅಪಾಯವಿದ್ದರೆ ಮಾತ್ರ ತಾತ್ಕಾಲಿಕವಾಗಿ ಬೇರೆಯಿಡಬಹುದು. ಅಜ್ಜಿಯನ್ನು ಜೊತೆಯಲ್ಲೇ ಇರಿಸಿಕೊಂಡು ನಾವು ಮಗುವನ್ನು ವಾರ್ಡಿನಲ್ಲೇ ಉಳಿಸಿಕೊಂಡೆವು, ಮತ್ತು ಆ ಹಸುಗೂಸು ಹತ್ತಿರವಿದ್ದದ್ದು ತಾಯಿಯ ಚೇತರಿಕೆಗೆ ನೆರವಾಯಿತೆಂದೇ ನನ್ನ ನಂಬಿಕೆ.

ಹೀಗೆ ದಾಖಲಾದವರ ಸಾಮರ್ಥ್ಯವನ್ನು 7 ದಿನಗಳಿಗೊಮ್ಮೆ ಮರುಪರಿಶೀಲಿಸಬೇಕು. ಕಾಯ್ದೆಯಲ್ಲಿ ನಾನು ಅತ್ಯಂತ ಗೌರವಿಸುವ ಭಾಗವಿದು, ಏಕೆಂದರೆ ಒಮ್ಮೆ ಕಳೆದುಕೊಂಡ ಹಕ್ಕು ರೋಗಿಗೆ ಆದಷ್ಟು ಬೇಗ ಮರಳುವ ದಾರಿ ಇದೇ. ಆ ಬಾಣಂತಿ ಚೇತರಿಸಿಕೊಂಡಾಗ ಚಿಕಿತ್ಸೆ ಮುಂದುವರಿಸಲು ತಾವೇ ಸಹಿ ಹಾಕಿ ಸ್ವತಂತ್ರ ರೋಗಿಯಾಗಿ ಉಳಿದರು. ಅಲ್ಲಿಯವರೆಗೆ ಸಂಬಂಧಿಯೆಂಬ ನೆಲೆಯಲ್ಲಿ ಗಂಡ ಪ್ರತಿನಿಧಿಯಾಗಿದ್ದರು. ಈಗ ಆಕೆ ಬಿಳಿ ಹಾಳೆಯ ಮೇಲೆ ತಮ್ಮ ಅಕ್ಕನ ಹೆಸರು ಬರೆದು ಸಹಿ ಮಾಡಿದರು. ಗಂಡ ಬೇಸರಪಟ್ಟುಕೊಂಡರು. ಪ್ರತಿನಿಧಿಯಾಗಿ ಯಾರನ್ನಾದರೂ ಆರಿಸುವ ಹಕ್ಕು ಆಕೆಯದೇ ಎಂದು ಅವರಿಗೆ ಸಮಾಧಾನದಿಂದ ತಿಳಿಹೇಳಲು ಒಂದು ಮಧ್ಯಾಹ್ನವೇ ಬೇಕಾಯಿತು, ಆದರೆ ಆ ಹೊತ್ತು ವ್ಯರ್ಥವಾಗಲಿಲ್ಲ.

"ಕರೆಂಟ್ ಕೊಡ್ತೀರಾ?" ಎಂದು ಹೆದರಿ ಕೇಳುವವರಿಗೆ, ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿ ಇಲ್ಲದೆ ಆ ವಿದ್ಯುತ್ ಚಿಕಿತ್ಸೆ (ಇಸಿಟಿ) ಕೊಡುವುದನ್ನು ಕಾಯ್ದೆ ನಿಷೇಧಿಸಿದೆ, ತುರ್ತು ಚಿಕಿತ್ಸೆಯ ಹೆಸರಿನಲ್ಲಿಯೂ ಅದನ್ನು ಕೊಡುವಂತಿಲ್ಲ ಎಂದು ಹೇಳುತ್ತೇನೆ. ಇನ್ನು ಜೀವಕ್ಕೆ ಅಪಾಯವಿರುವಂಥ ತುರ್ತಿನಲ್ಲಿ ತಾಲ್ಲೂಕು ಆಸ್ಪತ್ರೆಯ ಯಾವುದೇ ನೋಂದಾಯಿತ ವೈದ್ಯರು, ಪ್ರತಿನಿಧಿ ಸಿಕ್ಕಿದರೆ ಅವರ ಒಪ್ಪಿಗೆ ಪಡೆದು, ನಮ್ಮ ಭಾಗದಲ್ಲಿ 72 ಗಂಟೆಗಳವರೆಗೆ ಚಿಕಿತ್ಸೆ ನೀಡಬಹುದು. ಮನೋವೈದ್ಯರಿಲ್ಲವೆಂದು ರಾತ್ರಿ ಹೊತ್ತಿನಲ್ಲಿ ಹಾಗೆಯೇ ಹಾಸನಕ್ಕೆ ಸಾಗಹಾಕಬೇಕಾಗಿಲ್ಲವೆಂದು ಕಿರಿಯ ವೈದ್ಯರಿಗೆ ನಾನು ಮತ್ತೆ ಮತ್ತೆ ಹೇಳುವುದುಂಟು.

ಗುಣಮುಖರಾಗಿ ತಪಾಸಣೆಗೆ ಬರುವವರೊಂದಿಗೆ ಈಗ ಮುಂಗಡ ನಿರ್ದೇಶನದ ಬಗ್ಗೆಯೂ ಮಾತನಾಡುತ್ತೇನೆ. ಮುಂದೆ ಕಾಯಿಲೆ ಮರುಕಳಿಸಿದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ಯಾರು ತಮ್ಮ ಪರವಾಗಿ ನಿಲ್ಲಬೇಕು ಎಂಬುದನ್ನು ಅವರು ಲಿಖಿತವಾಗಿ ತಿಳಿಸಬಹುದು. ಮೇಲೆ ಹೇಳಿದ ತೋಟದ ಕೆಲಸಗಾರರು ಕುಯ್ಲು ಮುಗಿಸಿ ಬಂದಾಗ, ಹಿಂದೊಮ್ಮೆ ಕೈಕಾಲು ನಡುಗಿಸಿದ್ದ ಒಂದು ಔಷಧಿಯ ಹೆಸರು ಹೇಳಿ ಅದು ಬೇಡವೆಂದು ಬರೆಸಿದರು, ಪ್ರತಿನಿಧಿಯ ಜಾಗದಲ್ಲಿ ಅಣ್ಣನ ಹೆಸರನ್ನೇ ಹಾಕಿಸಿದರು.